ವಿಆರ್ ಕನ್ನಡಕ ಹಾಕಿದ್ರೆ ಕ್ರೀಡಾಪಟುಗಳ ಭಯ ಹೋಗುತ್ತಾ?

ಊರ ಮೈದಾನದಲ್ಲಿ ಚಿಗರೆಯಂತೆ ಓಡುವ ಹುಡುಗಿ ದೊಡ್ಡ ಕೂಟಕ್ಕೆ ಹೋದ ಕೂಡಲೇ ಮಂಕಾಗುವುದೇಕೆ? ಕಾಲಿನ ಕಸುವು ಒಂದೇ ರಾತ್ರಿಯಲ್ಲಿ ಎಲ್ಲೂ ಹೋಗಿರಲ್ಲ. ಗೊತ್ತಿಲ್ಲದ ಟ್ರ್ಯಾಕ್, ಮೈಕಿನ ಅಬ್ಬರ, ಸುತ್ತಲೂ ಜನ. ಎದೆ ಡವಡವ, ಕೈಕಾಲು ತಣ್ಣಗೆ. ದಸರಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಮೈಸೂರಿಗೆ ಹೋಗುವ ಎಷ್ಟೋ ಮಕ್ಕಳ ಪಾಡು ಇದೇ.

ಇದಕ್ಕೆ ಮದ್ದು ಅಂತ ಈಗ ಕೇಳಿಬರುತ್ತಿರುವುದು ವರ್ಚುವಲ್ ರಿಯಾಲಿಟಿ, ಅಂದ್ರೆ ವಿಆರ್. ಪೆಟ್ಟಿಗೆಯಂಥ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡರೆ ಕ್ರೀಡಾಂಗಣದ ನಡುವೆಯೇ ನಿಂತ ಹಾಗಿರುತ್ತದೆ. ತಲೆ ತಿರುಗಿಸಿದ ಕಡೆಯೆಲ್ಲ ಗ್ಯಾಲರಿ, ಜನ, ಸದ್ದು. ದಕ್ಷಿಣ ಕೊರಿಯಾದಲ್ಲಿ ನಡೆದ 2018ರ ಚಳಿಗಾಲದ ಒಲಿಂಪಿಕ್ಸ್‌ಗೆ ಮುನ್ನ ಅಮೆರಿಕದ ಸ್ಕೀ ತಂಡ ಇದನ್ನು ಬಳಸಿತ್ತು. ಅಲ್ಲಿನ ಹಿಮದ ಇಳಿಜಾರನ್ನು 360 ಡಿಗ್ರಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ತಂದು, ಆಟಗಾರರು ಪ್ರತಿ ತಿರುವನ್ನೂ ಕುಂತಲ್ಲೇ ಮತ್ತೆ ಮತ್ತೆ ನೋಡಿದರು. ಮೊದಲ ಸಲ ಬೆದರುವ ಮನಸ್ಸು ಹತ್ತನೇ ಸಲಕ್ಕೆ ‘ಇದು ಗೊತ್ತಿರೋ ಜಾಗನೇ’ ಅನ್ನುತ್ತೆ. ಗುಟ್ಟು ಇಷ್ಟೇ.

ಹಾಗಂತ ಯಂತ್ರವೇ ಬೇಕು ಅಂತೇನಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ತಯಾರಾಗುವಾಗ ಶೂಟರ್ ಅಭಿನವ್ ಬಿಂದ್ರಾ ಮದುವೆ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಫೈನಲ್ ಹಾಲ್‌ನಂತೆ ಸಜ್ಜುಮಾಡಿಕೊಂಡು ಅಭ್ಯಾಸ ಮಾಡಿದ್ದರು. ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಬಂದದ್ದು ಅವರಿಂದಲೇ. ಚಿನ್ನಕ್ಕೆ ಇದೊಂದೇ ಕಾರಣ ಅನ್ನೋಕಾಗಲ್ಲ. ಆದರೆ ದಾರಿ ಅದೇ.

ವಿಆರ್‌ಗೆ ಮಿತಿಯೂ ಉಂಟು. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಸ್ಪೈಕ್ಸ್ ಶೂ ಟ್ರ್ಯಾಕನ್ನು ಕಚ್ಚುವ ಅನುಭವವನ್ನು ಅದು ಕೊಡಲಾರದು. ಬೆನ್ನು ತಟ್ಟಿ ಧೈರ್ಯ ಹೇಳುವ ಪಿ.ಟಿ. ಮೇಷ್ಟ್ರ ಜಾಗವನ್ನಂತೂ ತುಂಬಲಾರದು.

ಹಾಗಾದ್ರೆ ನಮ್ಮ ತಾಲ್ಲೂಕಿಗೆ ಏನು ಸಿಕ್ತು? ಕ್ರೀಡಾ ಇಲಾಖೆ ಮೈಸೂರಿನ ಚಾಮುಂಡಿ ವಿಹಾರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣಗಳನ್ನು 360 ಡಿಗ್ರಿಯಲ್ಲಿ ಚಿತ್ರೀಕರಿಸಿ, ಜಿಲ್ಲೆಗೆ ಒಂದೆರಡು ಕನ್ನಡಕ ಕೊಟ್ಟರೆ ನೂರಾರು ಮಕ್ಕಳು ಸರದಿಯಲ್ಲಿ ನೋಡಬಹುದು. ಅಲ್ಲಿಯವರೆಗೆ ಅಭ್ಯಾಸದ ದಿನವೇ ಸ್ಪೀಕರ್ ಹಾಕಿ, ಊರವರನ್ನು ಕರೆದು ಗದ್ದಲದ ನಡುವೆ ಓಡಿಸಿ. ಪ್ರತಿ ವರ್ಷ ಶೀಲ್ಡ್, ಜೆರ್ಸಿ ಕೊಡಿಸುವ ಅಂಗಡಿಯವರಿಗೂ ಒಂದು ಮಾತು: ಈ ಸಲ ಒಂದು ಶೀಲ್ಡ್ ಕಡಿಮೆ ಮಾಡಿ, ಮಕ್ಕಳು ಒಂದು ದಿನ ಮೊದಲೇ ಹೋಗಿ ಆ ಟ್ರ್ಯಾಕ್ ಮೇಲೆ ನಡೆದಾಡೋಕೆ ಬಸ್ ಚಾರ್ಜ್ ಕೊಡಿ.