ಕರ್ನೆಲನ್ನು ತಿದ್ದುವವರಿಗೆ

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲೋಕದ ಮುಂದಿಟ್ಟ ಲಿನಕ್ಸ್ ಕರ್ನೆಲ್, ಗಣಕದ ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ದುಡಿಯುವ ತಿರುಳು. ಅದನ್ನು ಯಾರು ಬೇಕಾದರೂ ತಿದ್ದಿ ಕಟ್ಟಿಕೊಳ್ಳಬಹುದು. ತರುಣರಿಗೆ ಇದರಲ್ಲಿ ಆಸೆ ಹುಟ್ಟುವುದು ಸಹಜವೇ. ಆದರೆ ಸಾವಿರಾರು ಆಯ್ಕೆಗಳ ಪಟ್ಟಿಯಲ್ಲಿ ಕಂಡಕಂಡದ್ದನ್ನೆಲ್ಲ ಒಮ್ಮೆಲೇ ಬದಲಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಡೆಬಿಯನ್ 12ರ ಕರ್ನೆಲ್ ಗಡಿಯಾರ ಸೆಕೆಂಡಿಗೆ 250 ಸಲ ಮಿಡಿಯುವಂತೆ ನಿಗದಿಯಾಗಿದೆ. ಪ್ರಯೋಗಶಾಲೆಯ ಕೆಲಸಕ್ಕೆ 1000 ಬೇಕೆನ್ನೋಣ. ವಿತರಕರು ‘ಬೂಟ್’ ಡೈರೆಕ್ಟರಿಯಲ್ಲಿ ಇಟ್ಟಿರುವ ಪಟ್ಟಿಯನ್ನು ನಕಲು ಮಾಡಿಕೊಂಡು, ಆ ಒಂದು ಆಯ್ಕೆಯನ್ನು ಮಾತ್ರ ಬದಲಿಸಿ, ಹೆಸರಿಗೊಂದು ಗುರುತು ಸೇರಿಸಿ ಕಟ್ಟಬೇಕು. ಹಳೆಯ ಕರ್ನೆಲನ್ನು ಅಳಿಸಕೂಡದು. ಹೊಸದು ಏಳದಿದ್ದರೆ ಅದೇ ಗತಿ. ಲೋಲಕದ ಉದ್ದವನ್ನು ಬದಲಿಸಿ ಅಳೆಯುವಾಗ ನಾವು ಊರನ್ನೂ ಬದಲಿಸುವೆವೇನು?

ಕಟ್ಟಿದ ಮೇಲಿನ ಪಾಲನೆಯೇ ಹೆಚ್ಚು ಕಠಿಣ. ‘ಡರ್ಟಿ ಕೌ’ ಎಂಬ ದೋಷ 2007ರಲ್ಲಿ ಕರ್ನೆಲಿನೊಳಗೆ ಸೇರಿ 2016ರ ಅಕ್ಟೋಬರಿನವರೆಗೂ ಉಳಿದಿತ್ತು; ಅದರ ಮೂಲಕ ಸಾಮಾನ್ಯ ಬಳಕೆದಾರನೂ ಯಂತ್ರದ ಪೂರ್ಣಾಧಿಕಾರವನ್ನು ಪಡೆಯಬಹುದಾಗಿತ್ತು. ವಿತರಕರ ಕರ್ನೆಲನ್ನು ಬಳಸುತ್ತಿದ್ದವರಿಗೆ ತಿದ್ದುಪಡಿ ಸಿದ್ಧರೂಪದಲ್ಲಿ ದೊರೆಯಿತು. ಸ್ವಂತ ಕರ್ನೆಲ್ ಉಳ್ಳವರು ಅದನ್ನು ತಾವೇ ಮತ್ತೆ ಕಟ್ಟಬೇಕಾಯಿತು. ಕಟ್ಟದವರ ಯಂತ್ರದ ಬಾಗಿಲು ತೆರೆದೇ ಉಳಿಯಿತು. ಮೂಲ ಪಟ್ಟಿಗೆ ಹತ್ತಿರವಿರುವವನಿಗೆ ಇದು ಒಂದು ಸಂಜೆಯ ಕೆಲಸ. ಹೊಸ ಮೂಲವನ್ನು ತಂದು, ಹಳೆಯ ಪಟ್ಟಿಯನ್ನು ಹೊಂದಿಸಿ, ಹೊಸ ಪ್ರಶ್ನೆಗಳಿಗೆ ವಾಡಿಕೆಯ ಉತ್ತರವನ್ನೇ ಕೊಟ್ಟರಾಯಿತು. ನೂರು ಕಡೆ ತಿದ್ದಿದವನಾದರೋ ಏಕೆ ತಿದ್ದಿದೆನೆಂಬುದನ್ನೇ ಮರೆತಿರುತ್ತಾನೆ (ನಾವೂ ಮರೆತದ್ದುಂಟು). ಆದುದರಿಂದ ಬದಲಿಸಿದ ಪ್ರತಿಯೊಂದು ಸಾಲನ್ನೂ ಕಾರಣದೊಡನೆ ಬರೆದಿಡದ ವಿದ್ಯಾರ್ಥಿಯ ಕರ್ನೆಲನ್ನು ನಾವು ಪ್ರಯೋಗಶಾಲೆಯ ಗಣಕಕ್ಕೆ ಏರಿಸಗೊಡುವುದಿಲ್ಲ.