ನೇಮಕವೂ ನಿರ್ಗಮನವೂ

ಬೊಮ್ಮಸಂದ್ರದ ಕಾರ್ಖಾನೆಗಳಿಂದಲೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಂದಲೂ ಸಂಜೆಯ ಹೊತ್ತು ಹೊಸೂರು ರಸ್ತೆಯಲ್ಲಿ ನಮ್ಮ ಚಂದಾಪುರಕ್ಕೆ ಮರಳುವವರಲ್ಲಿ ಮನೆಸಾಲದ ಕಂತು ಕಟ್ಟುವವರು ಅನೇಕರು. ರೆಪೋ ದರ ಶೇಕಡಾ ಕಾಲರಷ್ಟು ಏರಿತೆಂದರೆ ಅವರ ತಿಂಗಳ ಲೆಕ್ಕ ಏರುಪೇರಾಗುವುದು. ಆದರೆ ಆ ದರವನ್ನು ನಿರ್ಣಯಿಸುವ ಸಮಿತಿಯ ಅಧ್ಯಕ್ಷನಾದ ರಿಸರ್ವ್ ಬ್ಯಾಂಕಿನ ಗವರ್ನರನನ್ನು ಆರಿಸುವಲ್ಲಿ, ಇವರು ಮತವಿತ್ತು ಕಳುಹಿದ ಲೋಕಸಭಾ ಸದಸ್ಯನ ಮಾತಿಗೆ ಎಡೆಯೇ ಇಲ್ಲ. 1934ರ ರಿಸರ್ವ್ ಬ್ಯಾಂಕ್ ಅಧಿನಿಯಮದ 8ನೆಯ ಪ್ರಕರಣವು ಆ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೇ ವಹಿಸಿದೆ.

ಅಮೆರಿಕದಲ್ಲಿರುವಂತೆ ಇಂತಹ ನೇಮಕಗಳಿಗೆ ಶಾಸನಸಭೆಯ ಅನುಮೋದನೆ ಬೇಕೆಂಬ ವಾದ ಕೇಳಲು ಹಿತವಾದುದು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ, ನ್ಯಾಯಾಧೀಶರ ನೇಮಕದ ಪ್ರಸಂಗದಲ್ಲಿ, ಡಾ. ಅಂಬೇಡ್ಕರರು ಇದೇ ಪದ್ಧತಿಯನ್ನು ಪರಿಶೀಲಿಸಿ, ಅದು ತೊಡಕಿನದೆಂದೂ ರಾಜಕೀಯದ ಒತ್ತಡಕ್ಕೆ ದಾರಿ ಮಾಡಿಕೊಡುವುದೆಂದೂ ತಳ್ಳಿಹಾಕಿದ್ದರು. ಆ ಶಂಕೆ ನಿರಾಧಾರವಾಗಿರಲಿಲ್ಲ. 2010ರಲ್ಲಿ ಫೆಡರಲ್ ರಿಸರ್ವ್ ಮಂಡಲಿಗೆ ಸೂಚಿತರಾದ ಪೀಟರ್ ಡೈಮಂಡರಿಗೆ ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದರೂ ಸೆನೆಟಿನ ಸಮ್ಮತಿ ಬರಲಿಲ್ಲ. ಮರುವರ್ಷ ಅವರೇ ಬೇಸತ್ತು ಹಿಂದೆ ಸರಿದರು.

ನೇಮಕಕ್ಕಿಂತ ನಿರ್ಗಮನವನ್ನು ಕುರಿತು ಹೆಚ್ಚು ಚಿಂತಿಸಬೇಕೆಂದು ನನಗೆ ತೋರುವುದು ಮಂಗಳೂರು ಮೂಲದ ಬೆನಗಲ್ ಸಹೋದರರ ವೃತ್ತಾಂತದಿಂದ. ಹಿರಿಯರಾದ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರು. ಶಿವರಾಯರು ಅದೇ ಸಭೆಯ ಸದಸ್ಯರು, ಮುಂದೆ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದವರು. ರಾಮರಾಯರು ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿದ್ದು, 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರರಾದವರು. ಏಳೂವರೆ ವರ್ಷ ಆ ಪೀಠದಲ್ಲಿದ್ದ ಅವರಷ್ಟು ದೀರ್ಘಕಾಲ ಮತ್ತಾರೂ ಅಲ್ಲಿ ಕುಳಿತಿಲ್ಲ. ಆದರೂ 1956ರ ಅಂತ್ಯದಲ್ಲಿ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಸ್ಟಾಂಪ್ ಶುಲ್ಕವನ್ನು ಏರಿಸಿ, ಬ್ಯಾಂಕ್ ದರವನ್ನು ರಿಸರ್ವ್ ಬ್ಯಾಂಕು ಮುಟ್ಟದೆಯೇ ಅದು ಏರಿದಂತೆ ಮಾಡಿದಾಗ, ಮತ್ತು ಬ್ಯಾಂಕು ತಮ್ಮ ಖಾತೆಯದೊಂದು ವಿಭಾಗವೆಂಬಂತೆ ನುಡಿದಾಗ, ಗವರ್ನರರು ಆಶ್ರಯಿಸಬಹುದಾಗಿದ್ದುದು ಪ್ರಧಾನಿಯನ್ನು ಮಾತ್ರ. ಬ್ಯಾಂಕು ಸರ್ಕಾರದ ನೀತಿಗೆ ಒಳಪಟ್ಟುದೆಂದು ನೆಹರೂ ಅವರು ಮಂತ್ರಿಯ ಪಕ್ಷವನ್ನೇ ವಹಿಸಲಾಗಿ, 1957ರ ಜನವರಿಯಲ್ಲಿ ರಾಮರಾಯರು ಪದತ್ಯಾಗ ಮಾಡಿದರು. ಮಂತ್ರಿಯ ಕೈಯಿಂದ ಬಂದ ಪದವಿಗೆ ಮಂತ್ರಿಯೇ ಮುನಿದರೆ ಬೇರೆ ಆಸರೆಯೆಲ್ಲಿಯದು?

ಅಣ್ಣನ ಸಲಹೆಯಿಂದ ರೂಪುಗೊಂಡ ಸಂವಿಧಾನವು ಮಹಾಲೆಕ್ಕಪರಿಶೋಧಕನಿಗೆ ಇಂತಹ ಆಸರೆಯನ್ನು ಕೊಟ್ಟಿತ್ತು. ಆತನ ನೇಮಕಕ್ಕೂ ಸಂಸತ್ತಿನ ಅನುಮೋದನೆ ಬೇಕಿಲ್ಲ. ಆದರೆ 148ನೆಯ ಅನುಚ್ಛೇದದಂತೆ, ಸುಪ್ರೀಂ ಕೋರ್ಟಿನ ನ್ಯಾಯಾಧೀಶನನ್ನು ತೆಗೆಯುವ ಕ್ರಮದಿಂದಲ್ಲದೆ, ಎಂದರೆ ಉಭಯ ಸದನಗಳ ವಿಶೇಷ ಬಹುಮತವಿಲ್ಲದೆ, ಆತನನ್ನು ತೆಗೆಯುವಂತಿಲ್ಲ. ತಮ್ಮನ ಪದವಿಗಿದ್ದುದಾದರೋ 1934ರ ಅಧಿನಿಯಮದ 11ನೆಯ ಪ್ರಕರಣ: ಕೇಂದ್ರ ಸರ್ಕಾರವು ಗವರ್ನರನನ್ನು ತೆಗೆಯಬಹುದು, ಅಷ್ಟೇ, ಕಾರಣ ಹೇಳಬೇಕೆಂಬ ಮಾತು ಅಲ್ಲಿಲ್ಲ.

ಸಂಸತ್ತಿಗೆ ಇಂತಹ ವಿಷಯಗಳನ್ನು ವಿಚಾರಿಸುವ ಸಾಮರ್ಥ್ಯವಿಲ್ಲವೆನ್ನುವವರು ಅದೇ 1957ರ ಡಿಸೆಂಬರನ್ನು ನೆನೆಯಬೇಕು. ಜೀವವಿಮಾ ನಿಗಮವು ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರು ಕೊಂಡುದನ್ನು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎತ್ತಿದರು. ನ್ಯಾಯಮೂರ್ತಿ ಛಾಗ್ಲಾ ಅವರಿಂದ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರೇ ರಾಜೀನಾಮೆಯಿತ್ತರು. ಆ ಹಿರಿಯರ ಮೇಧಾಶಕ್ತಿಯನ್ನು ನಾನು ಅಲ್ಲಗಳೆಯುವವನಲ್ಲ. ಸದನದ ಮುಂದೆ ಸಂಗತಿ ಬಂದರೆ ಸದನ ಅದನ್ನು ಸುಮ್ಮನೆ ಬಿಡುವುದಿಲ್ಲವೆಂಬುದಷ್ಟೇ ನನ್ನ ಮಾತು.

ಆದುದರಿಂದ ನೇಮಕವನ್ನು ಸರ್ಕಾರವೇ ಮಾಡಲಿ. ಗವರ್ನರನನ್ನು ತೆಗೆದಾಗ ಅದರ ಕಾರಣವನ್ನೂ, ಆತನೇ ಅವಧಿಗೆ ಮುನ್ನ ತೊರೆದಾಗ ಸರ್ಕಾರಕ್ಕೂ ಆತನಿಗೂ ನಡೆದ ಪತ್ರವ್ಯವಹಾರವನ್ನೂ ಸದನಗಳ ಮುಂದಿಡುವುದನ್ನು ಕಾನೂನು ಕಡ್ಡಾಯಗೊಳಿಸಲಿ. 2018ರ ಡಿಸೆಂಬರ್ 10ರಂದು ಊರ್ಜಿತ್ ಪಟೇಲರು ವೈಯಕ್ತಿಕ ಕಾರಣವೆಂದು ಹೇಳಿ ಗವರ್ನರ್ ಪದವಿಯನ್ನು ಬಿಟ್ಟರು. ಮರುದಿನವೇ ಸಂಸತ್ತಿನ ಚಳಿಗಾಲದ ಅಧಿವೇಶನ ಆರಂಭವಾಯಿತು. ಅದರ ಮುಂದೆ ಒಂದು ಕಾಗದವನ್ನಾದರೂ ಇಡಬೇಕೆಂದು ಸರ್ಕಾರವನ್ನು ಬದ್ಧಗೊಳಿಸುವ ವಾಕ್ಯ ಆ ಅಧಿನಿಯಮದಲ್ಲಿರಲಿಲ್ಲ.