ಗಾಳಿ ಬಂದಾಗ ತೂರಿಕೋ... ಆದರೆ ಮಾಡಿನ ಮೇಲೆ ಫ್ಯಾನು ಕಟ್ಟಬೇಡ!

ಈಗೀಗ ಯಾರ ಮೊಬೈಲು ನೋಡಿದರೂ ಒಂದು ವೀಡಿಯೋ ಇದ್ದೇ ಇರುತ್ತದೆ. ಮನೆಯ ಮಾಡಿನ ಮೇಲೆ ಚಂದದ ಗಾಳಿಯಂತ್ರವೊಂದು ಗಿರಗಿರ ತಿರುಗುತ್ತಿರುತ್ತದೆ, ಕೆಳಗೆ ಬಚ್ಚಲಲ್ಲಿ ಬಿಸಿನೀರು, ಕೋಣೆಯಲ್ಲಿ ತಂಪು, ಕರೆಂಟ್ ಬಿಲ್ಲು ಸೊನ್ನೆ! ಗಾಳಿಯಿಂದ ಕರೆಂಟು, ಆ ಕರೆಂಟಿನಿಂದ ಹೀಟ್ ಪಂಪು. ಕೇಳುವುದಕ್ಕೇನೋ ಬಹಳ ಚಂದ. ಅದರಲ್ಲೂ ಭಟ್ಕಳ, ಹೊನ್ನಾವರ, ಕುಮಟಾದ ನಮಗೆ ಇದು ಬೇಗ ನಾಟುತ್ತದೆ. ಮನೆ ಮುಂದೆ ಸಮುದ್ರ, ಮಳೆಗಾಲದಲ್ಲಿ ತೆಂಗಿನ ಮರ ಬಗ್ಗಿಸುವ ಗಾಳಿ. ಇದನ್ನೆಲ್ಲ ಸುಮ್ಮನೆ ಬಿಟ್ಟುಬಿಡುವುದಾ ಅಂತ ಯಾರಿಗಾದರೂ ಅನ್ನಿಸಬೇಕಾದದ್ದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಜೋಡಿಯಲ್ಲಿ ಹೀಟ್ ಪಂಪು ಒಳ್ಳೆಯ ಹುಡುಗ. ಗಾಳಿಯಂತ್ರವೂ ಕೆಟ್ಟವನಲ್ಲ. ಆದರೆ ನಮ್ಮೂರಿನ ಮಟ್ಟಿಗೆ ಇಬ್ಬರ ಜಾತಕ ಕೂಡುವುದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಹೀಟ್ ಪಂಪು ಅಂದರೆ ಏನೋ ವಿದೇಶದ ವಸ್ತು ಅಂದುಕೊಳ್ಳಬೇಡಿ. ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದ ನೀರನ್ನು ಮೇಲಕ್ಕೆ ಎತ್ತುತ್ತದೆ ಅಷ್ಟೆ. ಹೀಟ್ ಪಂಪು ಶಾಖಕ್ಕೆ ಅದೇ ಕೆಲಸ ಮಾಡುತ್ತದೆ. ನಿಮ್ಮ ಫ್ರಿಜ್ಜು ಒಂದು ಹೀಟ್ ಪಂಪು, ಎಸಿ ಒಂದು ಹೀಟ್ ಪಂಪು. ತದಡಿ, ಹೊನ್ನಾವರ, ಭಟ್ಕಳ ಬಂದರುಗಳ ಮೀನಿಗೆ ಐಸ್ ಮಾಡುವ ಕಾರ್ಖಾನೆಯಲ್ಲಿರುವುದೂ ದೊಡ್ಡದೊಂದು ಹೀಟ್ ಪಂಪೇ. ನೀರು ಕಾಯಿಸುವ ಹೀಟ್ ಪಂಪು ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುತ್ತದೆ. ಚಳಿ ದೇಶದಲ್ಲಿ ಹೊರಗೆ ಹಿಮ ಬೀಳುವಾಗ ಈ ಎಳೆತ ಕಷ್ಟ. ನಮ್ಮಲ್ಲಿ ಮಳೆಗಾಲದಲ್ಲೂ ಗಾಳಿ 25 ಡಿಗ್ರಿಯ ಆಸುಪಾಸು ಇರುವುದರಿಂದ ಸಲೀಸು. ಒಂದು ಯುನಿಟ್ ಕರೆಂಟು ಕೊಟ್ಟರೆ ಮೂರು ಯುನಿಟ್ಟಿನಷ್ಟು ಶಾಖ ಸಿಗುತ್ತದೆ.

ನಾಲ್ಕು ಜನರ ಮನೆಗೆ ದಿನಕ್ಕೆ ನೂರು ಲೀಟರ್ ಬಿಸಿನೀರು ಅಂತ ಇಟ್ಟುಕೊಳ್ಳಿ. ನೀರನ್ನು 26 ಡಿಗ್ರಿಯಿಂದ 45ಕ್ಕೆ ಏರಿಸಬೇಕು. ಮಾಮೂಲಿ ಗೀಸರ್ ಆದರೆ ಸುಮಾರು ಎರಡೂಕಾಲು ಯುನಿಟ್. ಹೀಟ್ ಪಂಪಾದರೆ ಮುಕ್ಕಾಲರಿಂದ ಒಂದು ಯುನಿಟ್. ಇಷ್ಟೇ ಬೇಕಾದದ್ದು! ಇಷ್ಟನ್ನು ಗಾಳಿಯಿಂದ ತೆಗೆಯಲಾರೆವಾ ಅನ್ನುವುದೇ ಮುಂದಿನ ಪ್ರಶ್ನೆ.

ಇಲ್ಲಿ ಗಾಳಿಯ ಒಂದು ಗುಣ ನೆನಪಿಡಬೇಕು. ಗಾಳಿಯ ವೇಗ ಅರ್ಧವಾದರೆ ಅದರ ಶಕ್ತಿ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದಾಗುತ್ತದೆ. ಎರಡು ಮೀಟರ್ ಅಡ್ಡಳತೆಯ ರೆಕ್ಕೆಯ ಯಂತ್ರವೊಂದು ಬೀಸುವ ಗಾಳಿಯ ಕಾಲು ಭಾಗ ಶಕ್ತಿಯನ್ನು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 12 ಮೀಟರ್, ಅಂದರೆ ಗಂಟೆಗೆ 43 ಕಿಲೋಮೀಟರ್ ವೇಗದ ಗಾಳಿಯಲ್ಲಿ ಅದು ಸುಮಾರು 780 ವ್ಯಾಟ್ ಕೊಡುತ್ತದೆ. 6 ಮೀಟರ್ ವೇಗದಲ್ಲಿ ಸುಮಾರು 98 ವ್ಯಾಟ್. 3 ಮೀಟರ್ ವೇಗದಲ್ಲಿ 12 ವ್ಯಾಟ್, ಒಂದು ಎಲ್‌ಇಡಿ ಬಲ್ಬು! ಎಷ್ಟೋ ಯಂತ್ರಗಳು ಆ ಗಾಳಿಗೆ ತಿರುಗುವುದೇ ಇಲ್ಲ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಒಂದು ಕಿಲೋವ್ಯಾಟ್' ಅಂತ ಬರೆದಿರುವುದು ಆ 43 ಕಿಲೋಮೀಟರ್ ವೇಗದ ಗಾಳಿಯ ಲೆಕ್ಕ. ನಿಮ್ಮ ಅಂಗಳದಲ್ಲಿ ಅಂಥ ಗಾಳಿ ವರ್ಷದಲ್ಲಿ ಎಷ್ಟು ಗಂಟೆ ಬೀಸುತ್ತದೆ? ಬೀಸಿದ ದಿನ ಅಂಗಳದಲ್ಲಿ ನಿಲ್ಲುವುದಕ್ಕೇ ನಾವು ಹೆದರುತ್ತೇವೆ.

"ನಮ್ಮೂರಲ್ಲಿ ಗಾಳಿ ಇಲ್ಲವಾ ಹಾಗಾದರೆ?" ಇದೆ. ಆದರೆ ಎಲ್ಲಿದೆ, ಯಾವಾಗ ಇದೆ ಅನ್ನುವುದೇ ಮುಖ್ಯ.

ಎಲ್ಲಿದೆ ಅಂದರೆ, ಮರದ ಮೇಲಿದೆ. ನಮ್ಮ ಮನೆಗಳಿರುವುದು ತೋಟದ ನಡುವೆ. ಸುತ್ತ ಅಡಿಕೆ, ತೆಂಗು, ಮಾವು, ಹಲಸು. ತೆಂಗಿನ ಮರವೇ ಹದಿನೈದು-ಇಪ್ಪತ್ತು ಮೀಟರ್ ಹೋಗುತ್ತದೆ. ಗಾಳಿಯಂತ್ರದ ಮಟ್ಟಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಒಂದಿದೆ. ಸುತ್ತ ನೂರೈವತ್ತು ಮೀಟರ್ ಒಳಗಿರುವ ಯಾವುದೇ ಮರ, ಕಟ್ಟಡಕ್ಕಿಂತ ರೆಕ್ಕೆಯ ಕೆಳತುದಿ ಹತ್ತು ಮೀಟರಾದರೂ ಮೇಲಿರಬೇಕು. ಅಂದರೆ ನಮ್ಮ ತೋಟದಲ್ಲಿ ಮೂವತ್ತು ಮೀಟರ್ ಕಂಬ. ಮಾಡಿನ ಮೇಲೆ ನಾಲ್ಕಡಿ ಪೈಪಿಗೆ ಕಟ್ಟಿದ ಫ್ಯಾನಿಗೆ ಸಿಗುವುದು ಮರಗಳು ತಿಂದುಬಿಟ್ಟ ಎಂಜಲು ಗಾಳಿ. ಅದೂ ಒಂದೇ ದಿಕ್ಕಿನಿಂದ ಬರುವುದಿಲ್ಲ, ಸುಳಿಸುಳಿಯಾಗಿ ಬರುತ್ತದೆ. ಯಂತ್ರ ಅತ್ತಿತ್ತ ಕತ್ತು ತಿರುಗಿಸುವುದರಲ್ಲೇ ಸುಸ್ತಾಗುತ್ತದೆ. ಗದಗದ ಕಪ್ಪತಗುಡ್ಡದ ಕಡೆ, ಚಿತ್ರದುರ್ಗದ ಜೋಗಿಮಟ್ಟಿ ಕಡೆ ಫ್ಯಾನುಗಳ ಸಾಲು ನೋಡಿ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಅವು ನಿಂತಿರುವುದು ಬೋಳು ಗುಡ್ಡದ ನೆತ್ತಿಯಲ್ಲಿ, ಎತ್ತರದ ಕಂಬದ ಮೇಲೆ.

ಯಾವಾಗ ಇದೆ ಅನ್ನುವುದು ಇನ್ನೂ ತಮಾಷೆ. ಯುರೋಪಿನ ಉತ್ತರದ ದೇಶಗಳಲ್ಲಿ ಗಾಳಿ ಜೋರಾಗಿ ಬೀಸುವುದು ಚಳಿಗಾಲದಲ್ಲಿ. ಮನೆ ಬೆಚ್ಚಗಿಡಲು ಹೀಟ್ ಪಂಪು ಓಡಬೇಕಾದದ್ದೂ ಚಳಿಗಾಲದಲ್ಲೇ. ಗಾಳಿ ಬಂದಷ್ಟೂ ಮನೆ ಬೆಚ್ಚಗೆ! ಆ ಊರಿನವರಿಗೆ ಈ ಜೋಡಿ ಹೊಳೆದದ್ದು ಸಹಜ. ನಮ್ಮಲ್ಲಿ? ಎಸಿ ಓಡುವುದು ಏಪ್ರಿಲ್-ಮೇ ತಿಂಗಳ ರಾತ್ರಿ. ಆಗ ಮಧ್ಯಾಹ್ನ ಕಡಲಗಾಳಿ ಬೀಸಿ, ಸಂಜೆಯಾಗುತ್ತ ಸುಸ್ತಾಗಿ, ರಾತ್ರಿ ಹತ್ತಕ್ಕೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ಎಲೆ ಅಲ್ಲಾಡಿದ್ದರೆ ಎಸಿ ಯಾಕೆ ಬೇಕಿತ್ತು? ಭಟ್ಕಳದಲ್ಲಿ ಮಕ್ಕಳು ಗಲ್ಫಿನಲ್ಲಿ ದುಡಿದು ಕಟ್ಟಿಸಿದ ದೊಡ್ಡ ಮನೆಗಳಲ್ಲಿ ಕೋಣೆಗೊಂದು ಎಸಿ ಇರುತ್ತದೆ. ಒಂದು ಎಸಿ ಒಂದು ರಾತ್ರಿಗೆ ನಾಲ್ಕೈದು ಯುನಿಟ್ ಕುಡಿಯುತ್ತದೆ. ಆ ಸೆಕೆಯ ರಾತ್ರಿ ಮಾಡಿನ ಮೇಲಿನ ಫ್ಯಾನು ಗೊರಕೆ ಹೊಡೆಯುತ್ತಿರುತ್ತದೆ.

ಐಸ್ ಕಾರ್ಖಾನೆಯ ಕಥೆಯೂ ಇದೇ. ಗಾಳಿ ಅಬ್ಬರಿಸುವುದು ಜೂನ್-ಜುಲೈಯಲ್ಲಿ. ಅದೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಐಸಿಗೆ ನಾಡದೋಣಿಯವರನ್ನು ಬಿಟ್ಟರೆ ಗಿರಾಕಿ ಇಲ್ಲ. ಗಾಳಿ ಇದ್ದಾಗ ಐಸು ಬೇಡ, ಐಸು ಬೇಕಾದಾಗ ಗಾಳಿ ಇಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂದ ಹಾಗೆ.

ಗಾಳಿಯೂ ಅಗತ್ಯವೂ ಒಟ್ಟಿಗೆ ಸೇರುವುದು ಒಂದೇ ಕಡೆ - ಮಳೆಗಾಲದ ಬಿಸಿನೀರು. ಇದೇ ನನಗೆ ನಿಜವಾಗಿ ಮುಖ್ಯ ಅನ್ನಿಸುವ ವಿಷಯ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನಾಲ್ಕು ತಿಂಗಳು ಬಚ್ಚಲ ಒಲೆಯ ಮುಂದೆ ಯಾರು ಕೂತಿರುತ್ತಾರೆ ಅಂತ ನೋಡಿದ್ದೀರಾ? ನಮ್ಮ ಆಯಿ ಕೂತಿರುತ್ತಿದ್ದಳು, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೆಂಗಸು ಕೂತಿರುತ್ತಾರೆ. ಹಸಿ ಕಟ್ಟಿಗೆ, ನೆನೆದ ಕಾಯಿಸಿಪ್ಪೆ, ಹತ್ತದ ಸೋಗೆ. ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪು, ಎದೆಯಲ್ಲಿ ಕೆಮ್ಮು. ಹಂಡೆ ಕಾದ ಮೇಲೆ ಗಂಡಸರು ಹೋಗಿ ಹಾಯಾಗಿ ಮಿಂದು ಬರುತ್ತೇವೆ. ಸೋಲಾರ್ ವಾಟರ್ ಹೀಟರ್ ಹಾಕಿದ ಮನೆಯಲ್ಲೂ ಜುಲೈಯಲ್ಲಿ ಒಲೆಯೇ ಗತಿ. ಹಾಗಾಗಿ ಮಳೆಗಾಲದ ಗಾಳಿಯಿಂದ ನೀರು ಕಾಯಿಸೋಣ ಅನ್ನುವ ಆಸೆಯನ್ನು ನಾನು ಹಾಸ್ಯ ಮಾಡಲಾರೆ.

ಆದರೂ ಲೆಕ್ಕ ಲೆಕ್ಕವೇ. ತೆರೆದ ಜಾಗದಲ್ಲಿ, ಮಳೆಗಾಲದ ಒಳ್ಳೆಯ ಗಾಳಿಯ ದಿನ ಆ ಎರಡು ಮೀಟರ್ ರೆಕ್ಕೆ ಎರಡು ಯುನಿಟ್ ಕೊಟ್ಟೀತು. ಗಾಳಿ ಅರ್ಧ ತಗ್ಗುವ ತೋಟದ ನಡುವೆ ಕಾಲು ಯುನಿಟ್ ಬಂದರೆ ಪುಣ್ಯ. ಉಳಿದ ಎಂಟು ತಿಂಗಳು ಬಹುತೇಕ ಶೋಕಿ. ಅದನ್ನು ಹೀಟ್ ಪಂಪಿಗೆ ಊಡಿಸಲು ನಡುವೆ ಬ್ಯಾಟರಿ, ಇನ್ವರ್ಟರ್ ಬೇಕು, ಯಾಕೆಂದರೆ ಪಂಪು ಒಂದೇ ಹದದ ಕರೆಂಟು ಕೇಳುತ್ತದೆ, ಗಾಳಿ ಹದ ಕೇಳಿದ್ದುಂಟೇ? ಮೇಲೆ ಉಪ್ಪುಗಾಳಿಯ ತುಕ್ಕು. ಗೇಟಿನ ಚಿಲಕ ಎರಡು ವರ್ಷ ಬಾಳದ ಊರಿನಲ್ಲಿ ಮೂವತ್ತು ಮೀಟರ್ ಎತ್ತರದ ಬೇರಿಂಗಿಗೆ ಗ್ರೀಸು ಹಚ್ಚುವವರು ಯಾರು? ಇನ್ನು ಗುಡುಗು-ಸಿಡಿಲಿನ ಮಾತು ಬೇರೆ.

"ಕರೆಂಟು ಹೋದಾಗಲಾದರೂ ಉಪಯೋಗ" ಅನ್ನುವವರಿದ್ದಾರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ಲ? ಕಂಬಗಳು ಮುರಿದು ಊರಿಗೆ ಊರೇ ಕತ್ತಲೆ. ಅಂಥ ಗಾಳಿಗೆ ಸಣ್ಣ ಯಂತ್ರವನ್ನು ಬ್ರೇಕು ಹಾಕಿ ನಿಲ್ಲಿಸಬೇಕು, ಇಲ್ಲವಾದರೆ ರೆಕ್ಕೆ ಪಕ್ಕದ ಮನೆಯ ಹೆಂಚಿನ ಮೇಲೆ. ಬಹಳ ಬೇಕಾದ ದಿನವೇ ಕಟ್ಟಿಹಾಕಬೇಕಾದ ಯಂತ್ರ! ಅಂಥ ದಿನಕ್ಕೆ ಎರಡು ದೀಪ, ಮೊಬೈಲು ಚಾರ್ಜು ಸಾಕು. ಅದಕ್ಕೆ ಈಗಾಗಲೇ ಮನೆಯಲ್ಲಿರುವ ಇನ್ವರ್ಟರ್ ಬ್ಯಾಟರಿಯೇ ಸಾಕಾಗುತ್ತದೆ.

ಹಾಗಾದರೆ ಮಾಡುವುದೇನು?

ಸಣ್ಣ ಮನೆಯಾದರೆ ನನ್ನ ಸಲಹೆ ಸರಳ. ಮಳೆಗಾಲಕ್ಕೊಂದು ಒಳ್ಳೆಯ ಗೀಸರ್. ದಿನಕ್ಕೆ ಎರಡೂಕಾಲು ಯುನಿಟ್, ಅದರಿಂದ ಮನೆಯೇನೂ ಮುಳುಗುವುದಿಲ್ಲ. ಗೃಹಜ್ಯೋತಿಯವರು ಮಾತ್ರ ತಿಂಗಳಿಗೆ 200 ಯುನಿಟ್ ಗೆರೆ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ದುಡ್ಡು ಹಾಕುವ ಮನಸ್ಸಿದ್ದರೆ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಗಾಳಿಯಂತ್ರಕ್ಕೆ ಅದು ಸಿಗುವುದಿಲ್ಲ. ನೀರು ಕಾಯಿಸುವ ಸೋಲಾರ್ ಮೋಡಕ್ಕೆ ಸೋಲುತ್ತದೆ, ಆದರೆ ಕರೆಂಟಿನ ಪ್ಯಾನೆಲ್ ಮೋಡದ ಬೆಳಕಿನಲ್ಲೂ ಅಷ್ಟಿಷ್ಟು ಕೊಡುತ್ತದೆ. ಜುಲೈಯಲ್ಲೂ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ಎರಡು ಯುನಿಟ್ಟಿನ ಆಸುಪಾಸು. ಗಾಳಿಯಂತ್ರ ತನ್ನ ಒಳ್ಳೆಯ ತಿಂಗಳಲ್ಲಿ ಕೊಡುವಷ್ಟನ್ನು ಪ್ಯಾನೆಲ್ ತನ್ನ ಕೆಟ್ಟ ತಿಂಗಳಲ್ಲೇ ಕೊಡುತ್ತದೆ! ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಹೀಟ್ ಪಂಪಿಗೆ ನಿಜವಾದ ಜಾಗ ಬಿಸಿನೀರು ಹೆಚ್ಚು ಬೇಕಾದಲ್ಲಿ. ಹತ್ತು-ಹನ್ನೆರಡು ಜನರ ಕೂಡುಕುಟುಂಬ, ಮುರ್ಡೇಶ್ವರದ ಲಾಡ್ಜು, ಗೋಕರ್ಣದ ಹೋಮ್‌ಸ್ಟೇ, ಆಸ್ಪತ್ರೆ, ಹಾಸ್ಟೆಲು. ಇಂಥಲ್ಲಿ ಗೀಸರಿನ ಮೂರನೇ ಒಂದು ಖರ್ಚಿನಲ್ಲಿ ನೀರು ಕಾದರೆ ಯಂತ್ರದ ದುಡ್ಡು ಬೇಗ ಹುಟ್ಟುತ್ತದೆ. ನಮ್ಮ ಕಡೆಗೆ ಇನ್ನೊಂದು ಲಾಭವಿದೆ, ಅದನ್ನು ಮಾರುವವರೂ ಹೇಳುವುದಿಲ್ಲ. ಒಳಗೆ ಇಡುವಂಥ ಹೀಟ್ ಪಂಪು ಕೋಣೆಯ ಗಾಳಿಯಿಂದ ಶಾಖ ಎಳೆಯುವಾಗ ತೇವವನ್ನೂ ಎಳೆದು ನೀರಾಗಿ ಹೊರಗೆ ಹಾಕುತ್ತದೆ. ನೂರು ಲೀಟರ್ ನೀರು ಕಾಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ತೇವ ಹೊರಗೆ. ಆಷಾಢದಲ್ಲಿ ಒಣಗದ ಬಟ್ಟೆ, ಬೂಷ್ಟು ಹಿಡಿಯುವ ಚೀಲ ಇರುವ ಕೋಣೆಯಲ್ಲಿ ಇದನ್ನಿಟ್ಟರೆ ಒಂದೇ ಕರೆಂಟಿಗೆ ಎರಡು ಕೆಲಸ.

ಗಾಳಿಯನ್ನು ಪೂರ್ತಿ ಕೈಬಿಡಿ ಅಂತಲೂ ನಾನು ಹೇಳುವುದಿಲ್ಲ. ಸಮುದ್ರಕ್ಕೆ ಮುಖ ಮಾಡಿದ ಬೋಳು ಗುಡ್ಡಗಳು ಮೂರೂ ತಾಲೂಕಿನಲ್ಲಿವೆ. ಆದರೆ ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ. ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ, ಭಟ್ಕಳದಲ್ಲಿ ಅಂಜುಮನ್ ಇಂಜಿನಿಯರಿಂಗ್ ಕಾಲೇಜಿದೆ. ಮೂರು ಗುಡ್ಡದ ಮೇಲೆ ಗಾಳಿಯ ವೇಗ ಅಳೆಯುವ ಉಪಕರಣ ಇಟ್ಟು, ವಿದ್ಯಾರ್ಥಿಗಳಿಂದ ಒಂದು ಪೂರ್ತಿ ವರ್ಷದ ಲೆಕ್ಕ ಬರೆಸಿದರೆ ಊರಿಗೇ ಉಪಕಾರ. ಆ ಲೆಕ್ಕ ಬರುವವರೆಗೆ ಜಾಹೀರಾತಿನ ಗಾಳಿಗೆ ತೂರಿಕೊಳ್ಳುವುದು ಬೇಡ.

ಫ್ಯಾನು ಮಾಡಿನ ಮೇಲೆ ತಿರುಗಿದರೆ ದಾರಿಹೋಕರು ತಲೆಯೆತ್ತಿ ನೋಡುತ್ತಾರೆ, ಹೌದು. ಬಚ್ಚಲಲ್ಲಿ ಹೊಗೆ ನಿಂತರೆ ಯಾರಿಗೂ ಕಾಣುವುದಿಲ್ಲ. ಆದರೆ ಮನೆಯಲ್ಲಿ ಕೆಮ್ಮು ನಿಲ್ಲುತ್ತದೆ. ಲಕ್ಷ ರೂಪಾಯಿ ಕೈಯಲ್ಲಿದ್ದರೆ ನಾನಂತೂ ಎರಡನೆಯದಕ್ಕೇ ಹಾಕುತ್ತೇನೆ. ನೀವೇನಂತೀರಿ?